‘ಊಟ ತಡ’ ಕಾರಿನ ಸೀಟು

ಕಾರಿನ ಬಾನೆಟ್ಟಿಗೆ ತೂತು ಕೊರೆಯಬಹುದೇ ಕೂಡದೇ ಎಂಬುದು ಮನುಕುಲದ ಮುಂದಿರುವ ದೊಡ್ಡ ಪ್ರಶ್ನೆಗಳಲ್ಲಿ ಒಂದು. ಯುದ್ಧ, ಧರ್ಮ, ತೆರಿಗೆ ಇವುಗಳ ವಿಷಯದಲ್ಲಿ ಹಾರ್ನ್‌ಬೆಕ್ ಊರಿನವರು ಹೇಗೋ ಹೊಂದಿಕೊಂಡು ಹೋಗುತ್ತಿದ್ದರು. ಎದುರು ಪಕ್ಷಕ್ಕೆ ಮತ ಹಾಕಿದವನ ಮನೆಗೆ ಹೋಗಿ ಹುಲ್ಲು ಕತ್ತರಿಸುವ ಯಂತ್ರವನ್ನು ಕೇಳಿ ತರಲು ಯಾರಿಗೂ ಮುಜುಗರವಿರಲಿಲ್ಲ. ತೂತಿನ ವಿಷಯದಲ್ಲಿ ಮಾತ್ರ ರಾಜಿ ಇರಲಿಲ್ಲ. ಓಹಾಯೋದ ಆ ಸಣ್ಣ ಊರಿನ ಹಳೆ ಕಾರುಗಳ ಸಂಘ ಈ ಒಂದೇ ಕಾರಣಕ್ಕೆ ಎರಡಾಗಿ ಒಡೆದು, ಶನಿವಾರ ಬೆಳಿಗ್ಗೆ ಒಂದೇ ಹೋಟೆಲಿನ ಎರಡು ಮೇಜುಗಳಲ್ಲಿ ಕೂರುತ್ತಿತ್ತು. ಕಿಟಕಿ ಪಕ್ಕದ ಮೇಜು ತೂತಿಲ್ಲದವರದು. ಕಾರ್ಖಾನೆಯಿಂದ ಹೊರಬಿದ್ದ ದಿನ ಕಾರು ಹೇಗಿತ್ತೋ ಕೊನೆತನಕ ಹಾಗೆಯೇ ಇರಬೇಕು ಎನ್ನುವವರು ಅವರು. ಅಡುಗೆಮನೆ ಬಾಗಿಲ ಪಕ್ಕದ್ದು ತೂತಿನವರ ಮೇಜು. ಕಾರ್ಖಾನೆಯವರಿಗೆ ಏನು ಗೊತ್ತು ಎಂಬುದು ಇವರ ಸಿದ್ಧಾಂತ. ಕಾಫಿ ಮಾತ್ರ ಎರಡೂ ಕಡೆಗೆ ಒಂದೇ ಹೂಜಿಯಿಂದ ಬರುತ್ತಿತ್ತು.

ಕಿಟಕಿ ಮೇಜಿನ ಯಜಮಾನ ನಾರ್ಬರ್ಟ್ ಸ್ಲಿವ್ಕಾ. ಅವನ ಕಾರಿನ ಮಡ್‌ಗಾರ್ಡಿನ ಒಳಮೈಯಲ್ಲಿ ಐವತ್ತು ವರ್ಷದ ಹಿಂದೆ ಯಾವನೋ ಕೆಲಸಗಾರ ಸೀಮೆಸುಣ್ಣದಲ್ಲಿ ಎಳೆದ ಗೀಟೊಂದು ಹಾಗೆಯೇ ಉಳಿದಿತ್ತು. ಮಳೆ ಬರುವ ಸೂಚನೆ ಕಂಡರೆ ನಾರ್ಬರ್ಟ್ ಕಾರನ್ನು ಹೊರತೆಗೆಯುತ್ತಿರಲಿಲ್ಲ. ಒಮ್ಮೆ ಬಣ್ಣ ಹೊಡೆಸುವಾಗ ಕಾರ್ಖಾನೆಯ ಕಾಲದ ಒಂದು ಬಣ್ಣದ ಸೋರಿಕೆ ಅಳಿಸಿಹೋಯಿತೆಂದು, ಮತ್ತೆ ಅದೇ ಜಾಗದಲ್ಲಿ ಅಷ್ಟೇ ಉದ್ದಕ್ಕೆ ಸೋರುವಂತೆ ಮಾಡಿಸಿದ್ದ. ಸ್ಪರ್ಧೆಯಲ್ಲಿ ತೀರ್ಪುಗಾರರು ಆ ಸೋರಿಕೆಗೆ ಪೂರ್ತಿ ಅಂಕ ಕೊಟ್ಟಿದ್ದರು.

ತೂತಿನವರ ಮೇಜಿನಲ್ಲಿ ಕೂರುತ್ತಿದ್ದ ಡೆಲ್ಮರ್ ಹುಸಾಕ್‌ಗೆ ಅಭಿಪ್ರಾಯವಿತ್ತು, ಕಾರಿರಲಿಲ್ಲ. ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಂಡು ನಿವೃತ್ತನಾದ ಅವನು ಬೇರೆ ಹಳೆ ಕಾರು ಕೊಳ್ಳದೆ ಇದ್ದದ್ದು ಒಂದೇ ಒಂದು ಕಾರಿಗಾಗಿ. ಹದಿನಾಲ್ಕರ ಹುಡುಗನಾಗಿದ್ದಾಗ ಕಾಲು ಮೈಲಿ ಓಟದ ಹಾದಿಯ ತಂತಿಬೇಲಿಗೆ ಮೂಗು ಒತ್ತಿ ನಿಂತು ಅವನು ಅದನ್ನು ನೋಡಿದ್ದ. ಅರವತ್ತೈದನೇ ಇಸವಿಯ ಪ್ಲಿಮತ್ ಕಾರು, ಹಳದಿ ಬಣ್ಣ, ಬಾಗಿಲ ಮೇಲೆ ಕೈಬರಹದಲ್ಲಿ ‘ಇವತ್ತು ಊಟ ತಡ’ ಎಂದು ಬರೆದಿತ್ತು. ದೀಪ ಹಸಿರಾದದ್ದೇ ಅದು ಮುಂಗಾಲೆತ್ತಿತು. ಮುಂದಿನ ಎರಡೂ ಚಕ್ರ ಆಕಾಶದಲ್ಲಿ! ಕೆಳಗಿಳಿಯುವ ಹೊತ್ತಿಗೆ ಎದುರಾಳಿಗೆ ಆ ಕಾರಿನ ಬೆನ್ನು ಮಾತ್ರ ಕಾಣುತ್ತಿತ್ತು. ಓಟ ಮುಗಿದ ಮೇಲೆ ಬಾಗಿಲು ತೆರೆದು ಇಳಿದದ್ದು ಬಿಳಿ ಪ್ಯಾಂಟಿನ ಸಣಕಲು ಹೆಂಗಸು, ವೆಲ್ಡಾ ಕ್ರೌಸ್. ಕಾರು ಕಟ್ಟಿದವನು ಗಂಡ ಅರ್ನೋ, ಓಡಿಸುವವಳು ಅವಳು. ಅವತ್ತು ಮನೆಗೆ ಹೋದ ಡೆಲ್ಮರ್ ಊಟ ಮಾಡಲಿಲ್ಲ. ಅವನ ಇಡೀ ಜೀವನದಲ್ಲಿ ಹಾಗಾದದ್ದು ಅದೊಂದೇ ಸಲ.

ಅರ್ನೋ ತೀರಿಕೊಂಡ ಮೇಲೆ ಕಾರು ಕೊಟ್ಟಿಗೆ ಸೇರಿತು. ಪ್ರತಿ ಕ್ರಿಸ್‌ಮಸ್‌ಗೂ ಡೆಲ್ಮರ್ ಹೋಗಿ ಕೇಳುತ್ತಿದ್ದ. ಪ್ರತಿ ಕ್ರಿಸ್‌ಮಸ್‌ಗೂ ವೆಲ್ಡಾ ಕೈಗೊಂದು ಹಣ್ಣಿನ ಕೇಕು ಕೊಟ್ಟು ಸಾಗಹಾಕುತ್ತಿದ್ದಳು. ಆ ವರ್ಷ ಅಕ್ಟೋಬರಿನಲ್ಲಿ ಆಕೆಯೇ ಫೋನು ಮಾಡಿದಳು.

“ಏ ಹುಡುಗಾ, ಇನ್ನೂ ಬೇಕೇನೋ ಆ ಕಾರು?”

ಅರವತ್ತು ದಾಟಿದ ಡೆಲ್ಮರ್‌ನನ್ನು ಹುಡುಗ ಎನ್ನುವವರು ಊರಲ್ಲಿ ಉಳಿದಿದ್ದುದು ಎಂಬತ್ತು ದಾಟಿದ ಈಕೆಯೊಬ್ಬಳೇ.

“ಬೇಕು ಮಿಸೆಸ್ ಕ್ರೌಸ್.”

“ಕೊಟ್ಟಿಗೆ ಮಾಡು ಈ ಸಲದ ಹಿಮ ತಡ್ಕೊಳಲ್ಲ. ಬಂದು ಎತ್ಕೊಂಡ್ ಹೋಗು. ಟ್ರೇಲರ್ ತಗೊಂಡ್ ಬಾ, ಟೈರು ಇಲಿ ತಿಂದಿದೆ. ಮತ್ತೆ ನನ್ ಹತ್ರ ಚೌಕಾಸಿ ಮಾಡ್ಬೇಡ, ಕೇಕಿನ ಖರ್ಚೂ ಸೇರಿಸ್ಬಿಡ್ತೀನಿ.”

ಕೊಟ್ಟಿಗೆಯಲ್ಲಿ ಟಾರ್ಪಾಲು ಎಳೆದಾಗ ಎದ್ದ ಧೂಳು ಇಳಿಯುವತನಕ ಡೆಲ್ಮರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಹಳದಿ ಮಾಸಿತ್ತು, ತುಕ್ಕು ಅಲ್ಲಲ್ಲಿ ಚಿಗುರಿತ್ತು, ಬಾನೆಟ್ಟಿನ ತೂತಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಆದರೂ ಅದೇ ಕಾರು. ವೆಲ್ಡಾ ಕೋಳಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು, “ಕೂತ್ ನೋಡು” ಎಂದಳು.

ಡೆಲ್ಮರ್ ಬಲಗಾಲು ಒಳಗಿಟ್ಟ. ಬಗ್ಗಿದ. ಉಸಿರು ಒಳಗೆಳೆದುಕೊಂಡ. ಸೊಂಟ ಒಳಹೋಯಿತು, ಹೊಟ್ಟೆ ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಎಡಗಾಲು ಹೊರಗೇ ಉಳಿಯಿತು. ಸೀಟನ್ನು ಹಿಂದೆ ಸರಿಸಲು ಕೈ ಹಾಕಿದರೆ ಸರಿಸುವ ಹಿಡಿಯೇ ಇರಲಿಲ್ಲ. ಸೀಟಿನ ನಾಲ್ಕೂ ಕಾಲನ್ನು ಅರ್ನೋ ನೆಲಕ್ಕೆ ಬೆಸೆದುಬಿಟ್ಟಿದ್ದ.

“ಅವ್ನು ಕಟ್ಟಿದ್ದು ನನ್ ಸೊಂಟಕ್ಕೆ, ನಿನ್ ಹೊಟ್ಟೆಗಲ್ಲ” ಎಂದು ವೆಲ್ಡಾ ನಕ್ಕಳು. ಕೋಳಿಯೂ ಒಂದೆರಡು ಮಾತಾಡಿತು.

“ಅದೇನ್ ಮಹಾ ಕೆಲ್ಸ” ಎಂದ ಡೆಲ್ಮರ್, ಹೊರಬರಲು ಹೆಣಗುತ್ತಲೇ. “ನಾಲ್ಕು ಕಾಲು ಕತ್ತರ್ಸಿ ಐದಿಂಚು ಹಿಂದೆ ಬೆಸೆದ್ರೆ ಮುಗೀತು. ಒಂದ್ ಮಧ್ಯಾಹ್ನದ ಕೆಲ್ಸ.”

“ಹಾಗೇ ಮಾಡು” ಎಂದಳು ವೆಲ್ಡಾ.

ಆ ಒಂದು ಮಧ್ಯಾಹ್ನ ಬರಲಿಲ್ಲ.

ಕಾರು ಡೆಲ್ಮರ್‌ನ ಗ್ಯಾರೇಜು ಸೇರಿದ ವಾರ ಅವನು ಬಿಚ್ಚುವ ಕೆಲಸ ಶುರುಮಾಡಿದ. ಬಿಚ್ಚಿದಂತೆಲ್ಲ ಅವನ ಮಾತು ಕಡಿಮೆಯಾಯಿತು. ಅರ್ನೋ ಕಾರಿನ ತೂಕ ಇಳಿಸಲು ತೂತು ಕೊರೆದಿದ್ದನೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಅವನು ಎಲ್ಲೆಲ್ಲಿ ಕೊರೆದಿದ್ದನೆಂಬುದು ಯಾರಿಗೂ ಗೊತ್ತಿರಲಿಲ್ಲ. ಬ್ರೇಕ್ ಪೆಡಲಿನ ಕಾಂಡದಲ್ಲಿ ತೂತು, ಬಾಗಿಲ ಕೀಲುಗಳಲ್ಲಿ ತೂತು, ಕಿಟಕಿ ಏರಿಸುವ ಹಿಡಿಯಲ್ಲಿ, ಬ್ಯಾಟರಿ ಕೂರಿಸುವ ತಟ್ಟೆಯಲ್ಲಿ, ಸೀಟಿನ ಬೆನ್ನಲ್ಲಿ ತೂತು. ಎಂಜಿನ್ ಹತ್ತಿಸುವ ಕೀಲಿಕೈಯ ತಲೆಯಲ್ಲೂ ಪುಟ್ಟಪುಟ್ಟ ಮೂರು ತೂತುಗಳಿದ್ದವು. ಕೊರೆದದ್ದಷ್ಟೇ ಅಲ್ಲ, ಪ್ರತಿ ತೂತಿನ ಅಂಚನ್ನೂ ಎರಡೂ ಕಡೆಯಿಂದ ಅರದಲ್ಲಿ ಉಜ್ಜಿ ನುಣುಪು ಮಾಡಿದ್ದ. ಯಾರೂ ಎಂದೂ ನೋಡದ ಜಾಗದಲ್ಲೂ ಬೆರಳಿಟ್ಟರೆ ಗಾಜಿನ ಬಾಟಲಿಯ ಬಾಯಿ ಮುಟ್ಟಿದಂತಿತ್ತು. ನಲವತ್ತು ವರ್ಷ ಗಾಜು ನೋಡಿದ ಡೆಲ್ಮರ್‌ಗೆ ಆ ನುಣುಪಿನ ಬೆಲೆ ಗೊತ್ತಿತ್ತು.

ಎಂಜಿನ್ನನ್ನು ಅರ್ನೋ ಅದರ ಜಾಗದಿಂದ ಹತ್ತಿಂಚು ಹಿಂದಕ್ಕೆ, ಅರ್ಧ ಕಾರಿನೊಳಕ್ಕೇ ಎಳೆದುಕೊಂಡಿದ್ದ. ಭಾರ ಹಿಂದಿದ್ದರೆ ಹಿಂದಿನ ಚಕ್ರಕ್ಕೆ ಹಿಡಿತ ಹೆಚ್ಚು. ಅದಕ್ಕಾಗಿ ಎಂಜಿನ್ನಿಗೂ ಚಾಲಕಿಗೂ ನಡುವಿನ ತಗಡನ್ನು ಕಿತ್ತು ಹೊಸದನ್ನು ಬಡಿದಿದ್ದ. ಹೊಸದರ ಹಿಂಬದಿ ತಿರುಗಿಸಿ ನೋಡಿದರೆ ಅದು ಹೆದ್ದಾರಿಯ ಫಲಕ. ‘ಮುಂದೆ ಸೇತುವೆ ಕಿರಿದು’ ಎಂಬ ಎಚ್ಚರಿಕೆ ವೆಲ್ಡಾಳ ಮೊಣಕಾಲ ಮುಂದೆ ಇಷ್ಟು ವರ್ಷ ಇತ್ತು. ಆದರೆ ಬಡಿದು ತಿರುವಿದ ಮೂಲೆಗಳು! ಒಂದು ಸುತ್ತಿಗೆ ಪೆಟ್ಟಿನ ಗುರುತಿಲ್ಲ. ಹಿಟ್ಟು ಲಟ್ಟಿಸಿ ಬಟ್ಟಲಿಗೆ ಹೊದಿಸಿದ ಹಾಗೆ.

ಡೆಲ್ಮರ್ ಫೋನು ಮಾಡಿ ಕೇಳಿದ. “ಮಿಸೆಸ್ ಕ್ರೌಸ್, ಕೀಲಿಕೈಗೂ ತೂತು ಯಾಕೆ?”

“ನನ್ ಮದ್ವೆ ಉಂಗುರಾನೂ ಬಿಚ್ಚಿಡು ಅಂದಿದ್ದ ಮಹಾರಾಯ. ಓಟದ ದಿನ ಬೆಳಿಗ್ಗೆ ತಿಂಡಿ ಕೊಡ್ತಿರ್ಲಿಲ್ಲ ನಂಗೆ. ಗೆದ್ ಮೇಲೆ ತಿನ್ನು ಅನ್ನೋನು. ಬೇಗ ಗೆಲ್ಲೋಕೆ ಅದೇ ಕಾರಣ ಕಣೋ, ಹಸಿವು.”

ಡಿಸೆಂಬರಿನ ಒಂದು ಸಂಜೆ, ಐದಕ್ಕೇ ಕತ್ತಲಾದಾಗ, ಬೆಸುಗೆಯ ಬಿರುಕು ಹುಡುಕಲು ಅವನು ದೀಪವೊಂದನ್ನು ಕಾರಿನ ಒಳಗಿಟ್ಟು ಗ್ಯಾರೇಜಿನ ಬೆಳಕು ಆರಿಸಿದ. ಕಾರಿನ ಮೈಯ ತೂತುಗಳಿಂದೆಲ್ಲ ಬೆಳಕು ಒಮ್ಮೆಲೇ ಹೊರಬಿತ್ತು. ಛಾವಣಿಯ ಮೇಲೆ, ಗೋಡೆಗೆ ನೇತುಹಾಕಿದ ಹಿಮದ ಸಲಿಕೆಗಳ ಮೇಲೆ, ಬಣ್ಣದ ಡಬ್ಬಗಳ ಮೇಲೆ, ಅವನ ಹೊಟ್ಟೆಯ ಮೇಲೆ ಚುಕ್ಕಿಗಳು. ಸಾಲುಸಾಲಾಗಿ, ದೊಡ್ಡದರಿಂದ ಸಣ್ಣದಕ್ಕೆ ಇಳಿಯುತ್ತ, ಎಲ್ಲೂ ಒಂದು ಕೂದಲೆಳೆಯಷ್ಟು ಅಂತರ ತಪ್ಪದೆ. ಒಬ್ಬ ಮನುಷ್ಯ ಕೈ ಡ್ರಿಲ್ಲು ಹಿಡಿದು, ಹೆಂಡತಿ ಪಕ್ಕದ ಕಾರಿಗಿಂತ ಸ್ವಲ್ಪ ಮುಂದೆ ತಲುಪಲಿ ಎಂದು, ಇಷ್ಟನ್ನೂ ಮಾಡಿದ್ದ. ಡೆಲ್ಮರ್ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತ. ಹೆಂಡತಿ ಪೆಟ್ರಾ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲಿ ನಿಂತಳು. ಬೈಯಲು ತೆರೆದ ಬಾಯಿಯನ್ನು ಮುಚ್ಚಿದಳು. “ಪುಣ್ಯಾತ್ಮ, ಮನುಷ್ಯನಾ ಏನು ಅವ್ನು?” ಎಂದಷ್ಟೇ ಕೇಳಿದಳು.

ಅಲ್ಲಿಂದ ಮುಂದೆ ಡೆಲ್ಮರ್‌ಗೆ ಕಬ್ಬಿಣ ಕತ್ತರಿಸುವ ಗ್ರೈಂಡರ್ ಕೈಗೆತ್ತಿಕೊಳ್ಳಲಾಗಲಿಲ್ಲ. ಎಂಜಿನ್ ಬಿಚ್ಚಿದ, ತೊಳೆದ, ಮತ್ತೆ ಕಟ್ಟಿದ. ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟು ತುಕ್ಕು ತಿಂದಿತ್ತು, ಅದರ ಬದಲು ಅದೇ ಅಳತೆಯದನ್ನು ಮಾಡಿಸಿ ಹಾಕಿದ. ಬ್ರೇಕು, ತಂತಿ, ಪೈಪು ಎಲ್ಲ ಹೊಸತಾಯಿತು. ಸೀಟಿನ ಹತ್ತಿರ ಬಂದಾಗ ಮಾತ್ರ ಅವನಿಗೆ ಬೇರೇನೋ ಕೆಲಸ ನೆನಪಾಗುತ್ತಿತ್ತು. ಸೀಟಿನ ಕಾಲುಗಳ ಬುಡದಲ್ಲಿದ್ದ ಬೆಸುಗೆ ಹೊಲಿದ ಹಾಗಿತ್ತು. ಅದರ ಸುತ್ತ ಇನ್ನೂ ಹಲವು ಸಣ್ಣ ಉಬ್ಬುಗೆರೆಗಳಿದ್ದವು. ಅವೂ ಅರ್ನೋನ ಅಲಂಕಾರವೇ ಇರಬೇಕೆಂದು ಅವನು ಅವನ್ನು ಬಟ್ಟೆಯಲ್ಲಿ ಒರೆಸಿ ಹೊಳಪು ಮಾಡಿದ.

ಪೆಟ್ರಾ ಕುಟುಂಬ ವೈದ್ಯರ ದನಿಯಲ್ಲಿ ಹೇಳಿದಳು, “ಸೀಟು ಇಲ್ಲಾ ಹೊಟ್ಟೆ, ಎರಡರಲ್ಲಿ ಒಂದನ್ನ ಕತ್ತರಿಸ್ಬೇಕು. ಯಾವ್ದು ಅಂತ ನೀನೇ ಹೇಳು.”

ಡೆಲ್ಮರ್ ಹೊಟ್ಟೆ ಎಂದ. ಸಿಹಿ ಬನ್ನು ಬಿಟ್ಟ, ಸಾಸೇಜು ಬಿಟ್ಟ, ಶುಕ್ರವಾರದ ಕರಿದ ಮೀನನ್ನೂ ಕಣ್ಣೀರಿಟ್ಟು ಬಿಟ್ಟ. ಬೆಲ್ಟು ಎರಡು ತೂತು ಒಳಗೆ ಬಂತು. ಹೋಗಿ ಕೂತು ನೋಡಿದರೆ ಎಡಗಾಲು ಇನ್ನೂ ಹೊರಗೇ. ಈಗ ಮೊಣಕಾಲಿನ ಮೂಳೆ ಸ್ಟೀರಿಂಗಿಗೆ ತಾಗುತ್ತಿತ್ತು. ಮೂಳೆಗೆ ಪಥ್ಯವಿಲ್ಲ.

ಫೆಬ್ರವರಿಯಲ್ಲಿ ನಾರ್ಬರ್ಟ್ ಸ್ಲಿವ್ಕಾ ಬಂದ. ಜರಡಿಯನ್ನು ನೋಡಲು ಬಂದಿದ್ದೇನೆ ಎಂದು ಬಾಗಿಲಲ್ಲೇ ಘೋಷಿಸಿದ. ಒಳಗೆ ಬಂದು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕುವಾಗ ಕನ್ನಡಕ ಹಣೆಗೇರಿಸಿ ಬಗ್ಗಿದ. ಮೂರನೇ ಸುತ್ತಿಗೆ ನೆಲದ ಮೇಲೆ ಮಲಗಿದ್ದ. ಕಾರಿನಡಿಯಿಂದ ಅವನ ದನಿ ಬಂತು, ದೇವಾಲಯದಲ್ಲಿ ಮಾತಾಡುವ ಹಾಗೆ.

“ಡೆಲ್ಮರ್, ಇದನ್ನ ಮುಟ್ಬೇಡ ಕಣೋ.”

“ಸೀಟೊಂದು...”

“ಹುಚ್ಚಾ ನಿಂಗೆ? ಅರ್ನೋ ಬಿಟ್ ಹೋದ ಹಾಗೇ ಇರ್ಬೇಕು. ಇದು ಅರ್ನೋನ ಕಾರ್ಖಾನೆ ಸ್ಥಿತಿ. ಇಲ್ ನೋಡು, ಈ ಪೈಪಿನ ಮೇಲೆ ಅವ್ನ ಹೆಬ್ಬೆಟ್ಟಿನ ಗುರುತು, ಬಣ್ಣ ಒಣಗೋ ಮುಂಚೆ ಬಿದ್ದಿರೋದು. ಒರೆಸ್ಬೇಡ. ಇದಕ್ಕೆ ಒಂದು ಹೊಸ ವಿಭಾಗಾನೇ ಮಾಡ್ಸೋಣ ಸ್ಪರ್ಧೇಲಿ.”

ತೂತಿನ ವಿರೋಧಿಗಳ ನಾಯಕ ತೂತುಗಳ ರಕ್ಷಣೆಗೆ ನಿಂತನೆಂಬ ಸುದ್ದಿ ಶನಿವಾರ ಎರಡೂ ಮೇಜಿಗೆ ತಲುಪಿ ದೋಸೆಯಂಥ ಪ್ಯಾನ್‌ಕೇಕುಗಳು ತಣ್ಣಗಾದವು. ಕಾರಿನ ಮೇಲೆ ಹೊಸ ಬೆರಳ ಗುರುತು ಬೀಳಬಾರದೆಂದು ನಾರ್ಬರ್ಟ್ ಡೆಲ್ಮರ್‌ಗೆ ಒಂದು ಜೊತೆ ಹತ್ತಿಯ ಕೈಗವಸು ತಂದುಕೊಟ್ಟ. ಡೆಲ್ಮರ್ ಅದನ್ನು ಹಾಕಿಕೊಂಡ.

ಏಪ್ರಿಲಿನ ಒಂದು ಬೆಳಿಗ್ಗೆ ಎಂಜಿನ್ ಹತ್ತಿಸುವುದೆಂದಾಯಿತು. ಅದರಲ್ಲೊಂದು ತೊಡಕಿತ್ತು. ಆ ಜಾತಿಯ ಎಂಜಿನ್ನಿಗೆ ಹೊಸ ಕ್ಯಾಮ್ ಹಾಕಿ ಮೊದಲ ಸಲ ಹತ್ತಿಸಿದಾಗ ಇಪ್ಪತ್ತು ನಿಮಿಷ ಆಕ್ಸಿಲರೇಟರ್ ಒತ್ತಿ ಅದನ್ನು ಏರುದನಿಯಲ್ಲೇ ಹಿಡಿದಿರಬೇಕು. ಕಾಲು ಸಡಿಲಿಸಿ ತನ್ನಷ್ಟಕ್ಕೆ ಗುಟುರುಹಾಕಲು ಬಿಟ್ಟರೆ ಉಕ್ಕಿಗೆ ಉಕ್ಕು ಉಜ್ಜಿ, ಚಳಿಗಾಲದ ಕೆಲಸವೆಲ್ಲ ಎಣ್ಣೆಯಲ್ಲಿ ಪುಡಿಯಾಗಿ ಇಳಿಯುತ್ತದೆ. ಕಷ್ಟವೇನೆಂದರೆ, ಇಂಥ ಕಾರಿನಲ್ಲಿ ಎಲ್ಲರೂ ಕೇಳಲು ಬರುವುದು ಆ ಗುಟುರನ್ನೇ. ಆ ಆಸೆಗೆ ಕಾಲು ಸಡಿಲಿಸಿ ಎಂಜಿನ್ ಕಳೆದುಕೊಂಡವರು ಎರಡೂ ಮೇಜುಗಳಲ್ಲಿದ್ದರು. ಒಳಗೆ ಕೂತು ಕಾಲು ಹಿಡಿಯಲು ಡೆಲ್ಮರ್‌ಗಾಗದು. ಎರಡೂ ಮೇಜಿನವರು ಗ್ಯಾರೇಜಿನಲ್ಲಿ ನೆರೆದರು, ವೆಲ್ಡಾಳನ್ನು ಕರೆತರಲಾಯಿತು.

ಆಕೆ ಚರ್ಚಿಗೆ ಹಾಕುವ ಕೋಟು ತೊಟ್ಟು ಬಂದಳು. ಊರುಗೋಲನ್ನು ನಾರ್ಬರ್ಟ್‌ನ ಕೈಗೆ ಕೊಟ್ಟು, ಬಾಗಿಲ ಚೌಕಟ್ಟು ಹಿಡಿದು, ಯಾರ ಕೈಯನ್ನೂ ಹಿಡಿಯದೆ ಒಳಗೆ ಜಾರಿದಳು. ಸೀಟು ಆಕೆಯನ್ನು ಗುರುತು ಹಿಡಿದಂತೆ ತೆಗೆದುಕೊಂಡಿತು. ಮೊಣಕೈ, ಮೊಣಕಾಲು, ಹಿಮ್ಮಡಿ ಎಲ್ಲವೂ ತಂತಮ್ಮ ಜಾಗಕ್ಕೆ ಹೋಗಿ ಕೂತವು.

“ಎಲ್ರೂ ಬಾಯಿ ತೆಕ್ಕೊಂಡು ನಿಂತ್ಕೊಳಿ, ಕಿವಿಗೆ ಒಳ್ಳೇದು” ಎಂದು ಕೀಲಿ ತಿರುಗಿಸಿದಳು.

ಮೊದಲು ಒಂದು ಕೆಮ್ಮು. ಆಮೇಲೆ ಗ್ಯಾರೇಜು ಇದ್ದಲ್ಲೇ ಎದ್ದು ನಿಂತಂತಾಯಿತು. ತೊಲೆಗಳಿಂದ ಧೂಳು ಉದುರಿತು, ಕಪ್ಪುಗಳಲ್ಲಿ ಕಾಫಿ ಬಳೆಬಳೆಯಾಗಿ ನಡುಗಿತು. ಪಕ್ಕದ ಮನೆಯ ನಾಯಿ ಬೊಗಳಲು ಹೊರಟು ಕೂತುಬಿಟ್ಟಿತು. ಸದ್ದು ಕಿವಿಗೆ ಬರುತ್ತಿರಲಿಲ್ಲ, ಎದೆಮೂಳೆಯಿಂದ ಒಳಗೆ ಹೋಗುತ್ತಿತ್ತು. ವೆಲ್ಡಾ ಮಾಪಕದ ಮುಳ್ಳಿನ ಕಡೆ ನೋಡಲಿಲ್ಲ. ಎದುರಿನ ಗೋಡೆಯನ್ನು ಅದು ಕಾಲು ಮೈಲಿ ಆಚೆಯಿದೆ ಎಂಬಂತೆ ನೋಡುತ್ತ ಕೂತಿದ್ದಳು. ಕಪ್ ಎತ್ತುವಾಗ ನಡುಗುವ ಮುದುಕಿಯ ಆ ಮೈಯಲ್ಲಿ ಬಲಗಾಲು ಮಾತ್ರ ಬೇರೆ ಯಾರದೋ ಎಂಬಂತೆ ಕದಲದೆ ಇತ್ತು. ಹತ್ತು ನಿಮಿಷದ ಹೊತ್ತಿಗೆ ನಾರ್ಬರ್ಟ್ ತಡೆಯಲಾರದೆ ಅಂಗೈ ಕೆಳಗೆ ಮಾಡಿ, ಇಳಿಸಿ, ಒಂಚೂರು ಕೇಳೋಣ ಎಂದು ಸನ್ನೆ ಮಾಡಿದ. ವೆಲ್ಡಾ ಅವನನ್ನು ನೋಡಿದ ನೋಟಕ್ಕೆ ಕೈಯನ್ನು ಜೇಬಿಗೆ ಹಾಕಿಕೊಂಡ.

ಹೊತ್ತು ಮುಗಿದಾಗ ಪೆಟ್ರಾ ಪಾತ್ರೆ ಒರೆಸುವ ಬಟ್ಟೆ ಬೀಸಿದಳು. ವೆಲ್ಡಾ ಕಾಲು ತೆಗೆದಳು.

ಗರ್ಜನೆ ಮುರಿದು ಬಿತ್ತು. ಅದರ ತಳದಿಂದ ಮತ್ತೊಂದು ಸದ್ದು ಎದ್ದಿತು. ಏರುಪೇರಿನದು, ಎಡವಿ ಎಡವಿ ಪ್ರತಿ ಸಲವೂ ಬೀಳದೆ ಉಳಿಯುವ ಯಾವುದೋ ಭಾರೀ ಪ್ರಾಣಿ ಮೆಟ್ಟಿಲಿಳಿಯುವಂಥದು. ಇನ್ನೇನು ನಿಂತಿತು ಎನ್ನುವಾಗ ಮತ್ತೊಂದು ಗುಟುರು, ಇನ್ನೇನು ಸತ್ತಿತು ಎನ್ನುವಾಗ ಇನ್ನೊಂದು. ಇಡೀ ಕಾರು ಅದರ ಜೊತೆ ಎಡಬಲಕ್ಕೆ ತೂಗುತ್ತಿತ್ತು. ಡೆಲ್ಮರ್‌ಗೆ ಮೂಗಿನ ಮೇಲೆ ತಂತಿಬೇಲಿ ಒತ್ತಿದಂತಾಯಿತು. ಎರಡು ಮೇಜಿನವರೂ ಕಲೆತು ನಿಂತಿದ್ದರು. ಯಾರೋ ಒಬ್ಬ ಟೋಪಿ ತೆಗೆದ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ, ಆದರೂ ಉಳಿದವರೂ ತೆಗೆದರು.

ವೆಲ್ಡಾ ಎಂಜಿನ್ ಆರಿಸಿದಳು.

“ಸರಿ. ನಾನ್ ಇಳೀತೀನಿ. ನೀನ್ ಕೂತ್ಕೊ, ರಸ್ತೆಗೆ ತೆಗಿ” ಎಂದಳು ಡೆಲ್ಮರ್‌ಗೆ.

ಡೆಲ್ಮರ್ ತನ್ನ ಬೂಟು ನೋಡಿಕೊಂಡ. “ಸೀಟು ಇನ್ನೂ ಕತ್ತರ್ಸಿಲ್ಲ ಮಿಸೆಸ್ ಕ್ರೌಸ್.”

“ಯಾಕೆ?”

“ಕೈ ಬರ್ಲಿಲ್ಲ. ಅರ್ನೋ ಮಾಡಿದ್ ಕೆಲ್ಸ. ನಾನ್ ಹೇಗೆ ಅದಕ್ಕೆ...”

“ಚರಿತ್ರೆ ಅದು ಅಮ್ಮಾ” ಎಂದು ನಾರ್ಬರ್ಟ್ ನಡುವೆ ಬಂದ. “ಹಾಗೇ ಕಾಪಾಡ್ಬೇಕು.”

“ಚರಿತ್ರೆ ಆಗೋಕೆ ನಾನ್ ಇನ್ನೂ ಸತ್ತಿಲ್ಲ ಕಣಪ್ಪಾ. ನನ್ ಕೋಲು ಕೊಡು.” ವೆಲ್ಡಾ ಇಳಿದು, ಕೋಲಿನ ತುದಿಯಿಂದ ಸೀಟಿನ ಬುಡ ತೋರಿಸಿದಳು. “ಡೆಲ್ಮರ್, ಆ ಕಾಲ್ ಸುತ್ತ ಇರೋ ಗೆರೆ ಏನು ಅನ್ಕೊಂಡೆ?”

“ಅಲಂಕಾರ.”

“ಅಲಂಕಾರ!” ಆಕೆ ಪೆಟ್ರಾಳ ಕಡೆ ತಿರುಗಿದಳು. “ಕೇಳಿದ್ಯೇನಮ್ಮಾ? ಅವೆಲ್ಲಾ ಹಳೇ ಬೆಸುಗೆ ಕಣೋ ದಡ್ಡ. ಮೊದಲ್ನೇ ಸಲ ದೂರ ಆಯ್ತು, ಕತ್ತರ್ಸಿದ. ಆಮೇಲೆ ಹತ್ರ ಆಯ್ತು. ನಾನ್ ಬಸುರಿ ಆದಾಗ ಹಿಂದೆ ಸರಿಸಿದ, ಹೆರಿಗೆ ಆದ್ ಮೇಲೆ ಮುಂದೆ. ಪ್ರತಿ ಚಳಿಗಾಲ ಕತ್ತರ್ಸೋದೇ ಅವ್ನ ಕೆಲ್ಸ. ಈ ಕಾರು ಯಾವತ್ತೂ ಮುಗ್ದಿರ್ಲಿಲ್ಲ. ಅವ್ನು ಸತ್ತ, ಅದಕ್ಕೆ ನಿಂತಿದೆ, ಅಷ್ಟೇ.”

ಎಂಜಿನ್ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತಿತ್ತು.

“ಗವಸು ಹಾಕ್ಕೊಂಡು ಕೈಮುಗಿಯೋನು ಬೇಕಿದ್ರೆ ಕೋಳೀನೇ ಸಾಕಿತ್ತು, ಸದ್ದಿಲ್ದೆ ಕೂತಿರ್ತಿತ್ತು” ಎಂದಳು ವೆಲ್ಡಾ. “ನೀನು ಓಡಿಸ್ತೀಯ ಅಂತ ಕೊಟ್ಟೆ. ಇವತ್ತು ಕತ್ತರ್ಸು. ಆಗಲ್ಲ ಅಂದ್ರೆ ಹೇಳು, ನಿನ್ ದುಡ್ಡು ವಾಪಸ್ ತಗೋ. ಓಡಿಸೋನಿಗೆ ಕೊಡ್ತೀನಿ.”

ಡೆಲ್ಮರ್ ಕಾರನ್ನು ನೋಡಿದ. ಎಂದಿಗಿಂತ ದೊಡ್ಡದಾಗಿ ಕಂಡಿತು ಅದು, ಇಷ್ಟು ಸಲ ಕತ್ತರಿಸಿಕೊಂಡೂ ಹೀಗಿದೆಯಲ್ಲ ಎಂದು. ಗವಸು ಬಿಚ್ಚಿ ನಾರ್ಬರ್ಟ್‌ಗೆ ಕೊಟ್ಟ. ಗ್ರೈಂಡರಿನ ತಂತಿಯನ್ನು ಪೆಟ್ರಾ ಆಗಲೇ ಗೋಡೆಗೆ ಸಿಕ್ಕಿಸಿದ್ದಳು.

ಕಿಡಿ ಹಾರುವಾಗ ನಾರ್ಬರ್ಟ್ ಹೊರಗೆ ಹೋಗಿ ನಿಂತ. ನಾಲ್ಕನೇ ಕಾಲು ಕತ್ತರಿಸುವ ಹೊತ್ತಿಗೆ ಮರಳಿ ಬಂದು, ಕಣ್ಣನ್ನು ಬೇರೆ ಕಡೆ ಇಟ್ಟುಕೊಂಡೇ ಸೀಟನ್ನು ಅಲ್ಲಾಡದಂತೆ ಹಿಡಿದುಕೊಂಡ. ಡೆಲ್ಮರ್‌ನ ಬೆಸುಗೆ ಅರ್ನೋನದಷ್ಟು ನೇರವಾಗಲಿಲ್ಲ. ಗಟ್ಟಿಯಾಯಿತು. ವೆಲ್ಡಾ ಬಗ್ಗಿ ನೋಡಿ, “ಕೊಳಕಾಗಿದೆ, ಹಿಡ್ಕೊಳ್ಳುತ್ತೆ” ಎಂದು, ಪೆಟ್ರಾ ಮಾಡಿದ್ದ ಬನ್ನಿನ ಕಡೆ ಹೋದಳು.

ಜೂನಿನಲ್ಲಿ ಡೆಲ್ಮರ್ ಹುಸಾಕ್ ಕಾಲು ಮೈಲಿ ಹಾದಿಯಲ್ಲಿ ಆ ಕಾರನ್ನು ಓಡಿಸಿದ. ಮುಂದಿನ ಚಕ್ರಗಳು ನೆಲದಿಂದ ಒಂದು ಗೇಣು ಎದ್ದವು. ವೆಲ್ಡಾ ಓಡಿಸುತ್ತಿದ್ದುದಕ್ಕಿಂತ ಅವನ ಓಟ ನಿಧಾನವಾಯಿತು.